ಒಂದು ವರ್ಷದ ಮಾತು

ರಾಮಯ್ಯನವರ ಬಳಿ ಹೇಳಿಕೊಳ್ಳುವಂಥ ಕಥೆ ಇದ್ದದ್ದು ಒಂದೇ. ಒಂದೇ ಆದ್ದರಿಂದ ಅದನ್ನು ಅವರು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದರು. ಕಂದಾಯದ ಕಚೇರಿಯೊಂದರಲ್ಲಿ ಜೀವಮಾನವೆಲ್ಲ ಜವಾನರಾಗಿದ್ದು ನಿವೃತ್ತರಾದವರು ಅವರು. ಮೂವತ್ತು ವರ್ಷಗಳ ಹಿಂದೆ ಗುಮಾಸ್ತರಾಗಿ ಬಡ್ತಿ ಬಂದಿತ್ತಂತೆ. ಅಮಲ್ದಾರರೇ ಕರೆದು, "ರಾಮಯ್ಯ, ಇನ್ನು ನೀನು ಕುರ್ಚಿ ಮೇಲೆ ಕೂರೋನಪ್ಪ" ಎಂದರಂತೆ. ಇವರು ಕೈಮುಗಿದು, "ಸ್ವಾಮಿ, ನಂಗೆ ಇದ್ದದ್ದೇ ಸಾಕು" ಎಂದು ಬಡ್ತಿ ಬೇಡವೆಂದು ಬರೆದುಕೊಟ್ಟು, ಸೈಕಲ್ ಹತ್ತಿ ಮನೆಗೆ ಬಂದರಂತೆ.

ಈ ಕಥೆ ಹೊರಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಪಕ್ಕದ ಮನೆಯವರು ಕಾರು ತಂದರೆ ಸಾಕು, ಮೊಮ್ಮಗಳು ಹೊಸ ಫೋನು ಕೇಳಿದರೆ ಸಾಕು. ಕೊನೆಗೆ ಗೋಡೆಯ ಮೇಲಿನ ಬುದ್ಧನ ಫೋಟೋ ಕಡೆ ಕೈ ತೋರಿಸಿ, "ಅವರು ಅರಮನೆ ಬಿಟ್ರು, ನಾನು ಕುರ್ಚಿ ಬಿಟ್ಟೆ" ಎನ್ನುವಲ್ಲಿಗೆ ಮುಗಿಯುತ್ತಿತ್ತು. ಹೆಂಡತಿ ಹಾಲಮ್ಮ ಕಥೆ ಅಮಲ್ದಾರರ ಹತ್ತಿರ ಬರುವಷ್ಟರಲ್ಲಿ ಒಲೆ ನೋಡುವ ನೆಪದಲ್ಲಿ ಎದ್ದುಹೋಗುತ್ತಿದ್ದಳು. ಮೊಮ್ಮಗಳು ಧನುಶ್ರೀ ಮಾತ್ರ ಒಮ್ಮೆ, "ತಾತ, ಅವರು ಅರಮನೇಲಿ ಇದ್ದು ಬಿಟ್ರು. ನೀನು ಕೂರದೇನೇ ಬಿಟ್ಟೆ" ಎಂದು ಬೈಸಿಕೊಂಡಿದ್ದಳು.

ಮಗ ಪ್ರಕಾಶ ಬೀರೂರು ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಅಜ್ಜಂಪುರದಿಂದ ರೈಲಿನಲ್ಲೇ ಹೋಗಿಬರುವವನು. ಡ್ಯೂಟಿ ಯಾವ ಪಾಳಿಗೆ ಬಿದ್ದರೂ ಮನೆಯ ಡಬ್ಬಿ ಇಲ್ಲದೆ ಹೊರಡುತ್ತಿರಲಿಲ್ಲ. ಸೊಸೆ ಪ್ರಜ್ಞಾ ಕೆರೆಯ ಹಿಂದಿನ ಸರ್ಕಾರಿ ಶಾಲೆಯಲ್ಲಿ ಟೀಚರು. ಹದಿನಾರು ವರ್ಷದಿಂದ ಅದೇ ಶಾಲೆ, ಮನೆಯಿಂದ ಹತ್ತು ನಿಮಿಷದ ನಡಿಗೆ. ಹೊರಗಿನಿಂದ ನೋಡಿದವರು ಎರಡು ಸರ್ಕಾರಿ ಸಂಬಳ, ಒಂದು ಪೆನ್ಷನ್ನು, ಇವರಿಗೇನಪ್ಪಾ ಕಡಿಮೆ ಎನ್ನುತ್ತಿದ್ದರು. ಕಡಿಮೆಯೇನೂ ಇರಲಿಲ್ಲ. ತೊಂದರೆ ಶುರುವಾದದ್ದು ಹೆಚ್ಚಿಗೆ ಒಂದು ಬಂದಾಗ.

ಹೋದ ವರ್ಷ ಜೂನ್ ಮೊದಲ ವಾರ, ಸಂಜೆ. ಅತ್ತೆ ಸೊಸೆ ಇಬ್ಬರೂ ಪಡಸಾಲೆಯಲ್ಲಿ ಈರುಳ್ಳಿ ಆರಿಸುತ್ತಿದ್ದಾಗ ಪ್ರಜ್ಞಾಳ ಫೋನಿಗೆ ಪಟ್ಟಿ ಬಂತು. ಮುಖ್ಯ ಶಿಕ್ಷಕರ ಬಡ್ತಿಗೆ ಅರ್ಹರಾದವರ ಪಟ್ಟಿ. ಅವಳ ಹೆಸರು ಹದಿನಾಲ್ಕನೆಯದು. ಅವಳ ಸರದಿಗೆ ಸಿಗಬಹುದಾದ ಜಾಗ ಲಿಂಗದಹಳ್ಳಿ ಕಡೆಯ ಒಂದು ಶಾಲೆ ಎಂದು ಗೆಳತಿಯರು ಆಗಲೇ ಲೆಕ್ಕ ಹಾಕಿ ಕಳಿಸಿದ್ದರು.

"ಅತ್ತೆ, ಎಚ್.ಎಂ. ಪ್ರಮೋಷನ್ ಬಂದಿದೆ" ಎಂದಳು.

"ಒಳ್ಳೇದೇ ಆಯ್ತಲ್ಲ ಬಿಡು. ಎಲ್ಲಿಗೆ?"

"ಲಿಂಗದಹಳ್ಳಿ ಕಡೆ."

ಹಾಲಮ್ಮ ಈರುಳ್ಳಿ ಕೆಳಗಿಟ್ಟಳು. "ಅಲ್ಲಿಗೆ ಯಾರ್ ಹೋಗಾದು ದಿನಾ? ಸಂಬಳ ಭಾಳ ಜಾಸ್ತಿ ಬತ್ತದಾ?"

"ಅಷ್ಟೇನಿಲ್ಲ ಅತ್ತೆ."

"ಮತ್ಯಾಕೆ?"

ಯಾಕೆ ಎಂಬುದನ್ನು ಹೇಳಲು ಪ್ರಜ್ಞಾಳಿಗೆ ಬರುತ್ತಿರಲಿಲ್ಲವೆಂದಲ್ಲ. ಅವಳು ಸೇರಿದಾಗ ಕೆರೆ ಹಿಂದಿನ ಶಾಲೆಯಲ್ಲಿ ನೂರ ನಲವತ್ತು ಮಕ್ಕಳಿದ್ದರು, ಈಗ ಐವತ್ತೆರಡು. ಬೆಳಿಗ್ಗೆ ಕಾನ್ವೆಂಟಿನ ಹಳದಿ ವ್ಯಾನು ಬಂದು ಶಾಲೆಯ ಗೇಟಿನ ಮುಂದೆಯೇ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ಮನೆಮನೆಗೆ ಹೋಗಿ ತಾಯಂದಿರ ಜೊತೆ ಮಾತಾಡೋಣ ಸಾರ್, ಒಂದನೇ ಕ್ಲಾಸಿಂದ ಇಂಗ್ಲಿಷ್ ಕಲಿಸೋಣ ಸಾರ್ ಎಂದು ಅವಳು ಹೆಡ್‌ಮಾಸ್ತರು ಚನ್ನಬಸಪ್ಪನವರ ಬೆನ್ನು ಬಿದ್ದಿದ್ದಳು. ಅವರು, "ನಾನು ರಿಟೈರ್ ಆಗೋವರ್ಗೂ ಸ್ಕೂಲ್ ಮುಚ್ಚದಿದ್ರೆ ಸಾಕು ಕಣಮ್ಮ" ಎನ್ನುತ್ತಿದ್ದರು. ಒಂದು ಶಾಲೆ ತನ್ನ ಕೈಗೆ ಸಿಕ್ಕರೆ ಏನು ಮಾಡಬೇಕೆಂದು ಹತ್ತು ವರ್ಷದಿಂದ ಅವಳ ತಲೆಯಲ್ಲಿ ಇತ್ತು. ಇದನ್ನೆಲ್ಲ ಈರುಳ್ಳಿ ಮುಂದೆ ಕೂತು ಅತ್ತೆಗೆ ಹೇಳುವುದು ಹೇಗೆ?

ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳು ಸಾರು. ಪ್ರಕಾಶ ಕೈ ತೊಳೆದು ಕೂತವನು ವಿಷಯ ಕೇಳಿ ಮುದ್ದೆ ಮುರಿಯುತ್ತಲೇ, "ಹೋಗೋದಾದ್ರೆ ಹೋಗು. ನಾನೇನ್ ಬೇಡ ಅಂದ್ನಾ?" ಎಂದ. ಗಂಡ ಹೀಗೆ ಹೇಳಿದರೆ ಬೇಡ ಎಂದೇ ಅರ್ಥವೆಂದು ಮದುವೆಯಾಗಿ ಹದಿನೇಳು ವರ್ಷವಾದ ಹೆಂಗಸಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಬೇಕು ಅಂತಾನೂ ಅನ್ಲಿಲ್ವಲ್ಲ ನೀವು."

"ನೋಡು, ಆರೂವರೆಗೆ ಇಲ್ಲಿ ಬಸ್ ಹತ್ಬೇಕು. ತರೀಕೆರೇಲಿ ಇಳ್ದು ಇನ್ನೊಂದ್ ಬಸ್ ಕಾಯ್ಬೇಕು. ಸಂಜೆ ಬರೋ ಹೊತ್ಗೆ ಏಳು ಗಂಟೆ. ಅವ್ವನ ಮಂಡಿ ನೋಡಿದ್ಯಲ್ಲ. ಇವಳು ಈ ಸಲ ಹತ್ತನೇ ಕ್ಲಾಸು. ಒಂಬತ್ತನೇ ಕ್ಲಾಸಲ್ಲಿ ಗಣಿತಕ್ಕೆ ಎಷ್ಟ್ ಬಂತು ಕೇಳು."

"ಮೂವತ್ತೆಂಟು" ಎಂದಳು ಧನುಶ್ರೀ, ಯಾರೂ ಕೇಳುವ ಮೊದಲೇ. "ಅದಕ್ಕೂ ಅಮ್ಮನ ಪ್ರಮೋಷನ್‌ಗೂ ಏನಪ್ಪಾ ಸಂಬಂಧ? ಅಮ್ಮ ಮನೇಲಿದ್ದಾಗ್ಲೇ ಬಂದಿದ್ದು ಮೂವತ್ತೆಂಟು."

"ಬಾಯಿ ಮುಚ್ಕೊಂಡ್ ಉಣ್ಣೇ" ಎಂದಳು ಹಾಲಮ್ಮ.

ರಾಮಯ್ಯನವರು ಗಂಟಲು ಸರಿಮಾಡಿಕೊಂಡರು. ಎಲ್ಲರಿಗೂ ಗೊತ್ತಾಯಿತು. ಅಮಲ್ದಾರರು ಬಂದರು, ಕುರ್ಚಿ ಬಂತು, ಸೈಕಲ್ ಬಂತು. "ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಕಣಮ್ಮ ಪ್ರಜ್ಞಾ. ನಾನ್ ಅವತ್ತು ಬೇಡ ಅಂದಿದ್ದಕ್ಕೆ ಈ ಮನೆ ನೆಮ್ಮದಿಯಾಗೈತೆ."

ಪ್ರಜ್ಞಾ ಸುಲಭಕ್ಕೆ ಬಿಡುವವಳಲ್ಲ. ಒಂದು ವಾರ ಪ್ರಯತ್ನ ಮಾಡಿ ನೋಡೋಣ ಎಂದಳು. ಆರೂವರೆಗೆ ಬಸ್ಸು ಹಿಡಿಯಬೇಕು ಎಂದುಕೊಂಡೇ ನಾಲ್ಕೂವರೆಗೆ ಎದ್ದು ಅಡುಗೆ, ಡಬ್ಬಿ, ಪಾತ್ರೆ ಎಲ್ಲ ಮುಗಿಸುವುದು, ಆರೂವರೆಯಿಂದ ತಾನು ಮನೆಯಲ್ಲಿಲ್ಲ ಎಂದೇ ತಿಳಿದು ಉಳಿದವರು ನಡೆಸಿಕೊಂಡು ಹೋಗುವುದು. ಅವಳು ಆ ಹೊತ್ತಿಗೆ ಶಾಲೆಗೇ ಹೋಗಿ ಬೀಗ ತೆಗೆದು ಕೂತಿರುತ್ತಿದ್ದಳು.

ಮನೆಯವರು ಆ ವಾರ ಕೆಟ್ಟವರಾಗಿ ನಡೆದುಕೊಂಡರು ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಅವರವರ ಕೈಲಾದಷ್ಟು ಮಾಡಿದರು, ಕೈಲಾದದ್ದು ಕಡಿಮೆ, ಅಷ್ಟೆ. ಹಾಲಮ್ಮ ತಿರುವಿದ ಮಧ್ಯಾಹ್ನದ ಮುದ್ದೆಯಲ್ಲಿ ಹಿಟ್ಟಿನ ಗಂಟು ಸಿಕ್ಕಿತು. ಮೂರನೇ ದಿನ ನೀರಿನ ಕೊಡ ಎತ್ತಲು ಹೋಗಿ ಮಂಡಿ ಹಿಡಿದುಕೊಂಡು ಕೂತಳು. ಪ್ರಕಾಶ ಡಬ್ಬಿಯನ್ನು ಅಡುಗೆಮನೆ ಕಟ್ಟೆಯ ಮೇಲೇ ಮರೆತು ರೈಲು ಹತ್ತಿದ, ಬೀರೂರಿನಲ್ಲಿ ಬನ್ನು ತಿಂದು ಹೊಟ್ಟೆ ಉರಿಯೆಂದು ಎರಡು ದಿನ ಮುಖ ಗಂಟಿಕ್ಕಿದ. ಧನುಶ್ರೀ ಒಬ್ಬಳು ಪಾತ್ರೆ ತೊಳೆದಳು, ತೊಳೆದಷ್ಟೂ ಸದ್ದು ಮಾಡಿದಳು.

ಶನಿವಾರ ಚನ್ನಬಸಪ್ಪನವರು ದಾರಿ ತೋರಿಸಿದರು. "ಯಾಕಮ್ಮ ಒದ್ದಾಡ್ತೀರಿ? ಮುಂದಿನ ವರ್ಷ ಮೇ ಮೂವತ್ತೊಂದಕ್ಕೆ ನಾನು ರಿಟೈರು. ಈ ಸಲ ಬೇಡ ಅಂತ ಬರ್ಕೊಡಿ. ಮುಂದಿನ ಸಲ ಇದೇ ಸ್ಕೂಲ್ ತಗೊಳ್ಳಿ. ಮನೇನೂ ಉಳೀತು, ಸ್ಕೂಲೂ ಸಿಕ್ತು."

ಪ್ರಜ್ಞಾ ಅಲ್ಲೇ ನಿಂತು ತರೀಕೆರೆಯ ಶಿಕ್ಷಣ ಇಲಾಖೆಯ ಕಚೇರಿಗೆ ಫೋನು ಮಾಡಿದಳು. ಬಡ್ತಿ ಫೈಲು ನೋಡುವ ಸತೀಶ್ ಒಳ್ಳೆಯವನು. "ಆಗುತ್ತೆ ಮೇಡಂ. ಆದ್ರೆ ಈ ಒಂದು ಸಲಕ್ಕೆ ಮಾತ್ರ ಬೇಡ ಅಂತ ಸ್ಪಷ್ಟವಾಗಿ ಬರೀಬೇಕು. ಒಂದು ವರ್ಷ ನಿಮ್ಮ ಹೆಸರು ಬರಲ್ಲ. ಮುಂದಿನ ಪಟ್ಟಿಗೆ ಮತ್ತೆ ಬರುತ್ತೆ" ಎಂದ.

ಮನೆಗೆ ಬಂದು ಹೇಳಿದಾಗ ಎಲ್ಲರ ಮುಖದಲ್ಲೂ ಕಳೆ ಬಂತು. ಪ್ರಕಾಶನಿಗೆ ಹೆಂಡತಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದ. "ಒಂದು ವರ್ಷ ತಾನೇ ಪ್ರಜ್ಞಾ. ಕಣ್ಮುಚ್ಚಿ ಕಣ್ ಬಿಡೋದ್ರೊಳಗೆ ಹೋಗುತ್ತೆ."

ಭಾನುವಾರ ಬೆಳಿಗ್ಗೆ ಅವಳು ರೊಟ್ಟಿ ತಟ್ಟುತ್ತಿದ್ದಳು. ಕಾಗದ ತಾನೇ ಬರೆಯಬಹುದಿತ್ತು. ನಾಲ್ಕು ಸಾಲಿನ ಅರ್ಜಿ. ಆದರೆ ರಾಮಯ್ಯನವರು ಬಿಳಿ ಹಾಳೆ, ಸ್ಕೇಲು, ನೀಲಿ ಪೆನ್ನು ಎಲ್ಲ ಜೋಡಿಸಿಕೊಂಡು ಅಡುಗೆಮನೆ ಬಾಗಿಲಲ್ಲೇ ಮಣೆ ಹಾಕಿ ಕೂತಿದ್ದರು. ಕಚೇರಿಯ ಕಾಗದದ ಒಕ್ಕಣೆ ತನಗೆ ತಿಳಿದಷ್ಟು ಈಗಿನ ಗುಮಾಸ್ತರಿಗೂ ತಿಳಿಯದು ಎಂಬುದು ಅವರ ಇನ್ನೊಂದು ಹೆಮ್ಮೆ. ಅವರ ಅಕ್ಷರವೂ ದುಂಡಗೆ ಚೆಂದ. ಮಾವನಿಗೆ ಇಷ್ಟು ಖುಷಿಯಾಗುವುದಾದರೆ ಆಗಲಿ ಎಂದುಕೊಂಡಳು ಪ್ರಜ್ಞಾ.

"ಈ ಒಂದು ಸಲಕ್ಕೆ ಬೇಡ ಅಂತ ಬರೀರಿ ಮಾವ."

"ಹೂಂ ಕಣಮ್ಮ, ನಂಗೆ ಬಿಡು."

ಬರೆದು ಮುಗಿಸಿ, ದನಿ ಎತ್ತರಿಸಿ ಓದಿದರು. 'ಮಾನ್ಯರೇ' ಇತ್ತು, 'ತಮ್ಮ ಸನ್ನಿಧಾನಕ್ಕೆ' ಇತ್ತು, 'ನನ್ನ ಕೌಟುಂಬಿಕ ಕಾರಣಗಳಿಂದಾಗಿ' ಇತ್ತು. ಅಲ್ಲಿಗೆ ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದು ಪ್ರಜ್ಞಾ ಅತ್ತ ತಿರುಗಿದಳು. ಮಕ್ಕಳಿಗೆ ಪ್ರಶ್ನೆ ಎರಡು ಸಲ ಓದಿ ಉತ್ತರ ಬರೀರಿ ಎಂದು ಹದಿನಾರು ವರ್ಷ ಹೇಳಿಕೊಟ್ಟವಳು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಾವ ಬೆರಳಿಟ್ಟು ತೋರಿಸಿದ ಕಡೆ ಸಹಿ ಮಾಡಿದಳು. ಸೋಮವಾರ ಪ್ರಕಾಶನಿಗೆ ರಜೆ ಇತ್ತು. ತರೀಕೆರೆಗೆ ಹೋಗಿ ಕಾಗದ ಕೊಟ್ಟು ಸೀಲು ಹಾಕಿಸಿಕೊಂಡು ಬಂದ. ಅವನೂ ಬಿಡಿಸಿ ನೋಡಲಿಲ್ಲ. ಅಪ್ಪ ಬರೆದದ್ದಲ್ಲವೇ?

ಆ ವರ್ಷ ಆ ಮನೆ ನಿಜವಾಗಿಯೂ ಸುಖವಾಗಿತ್ತು. ಮುಂದೆ ಏನೇ ಆಗಿರಲಿ, ಇದ್ದದ್ದನ್ನು ಇತ್ತು ಎನ್ನಬೇಕು. ಪ್ರಜ್ಞಾ ದಿನವೂ ಬೆಳಿಗ್ಗೆ ಒಂದು ಗಂಟೆ ಮಗಳನ್ನು ಕೂರಿಸಿಕೊಂಡು ಗಣಿತ ಹೇಳಿಕೊಟ್ಟಳು. ತಾಯಿ ಮಗಳು ಜಗಳವಾಡಿದರು, ಪುಸ್ತಕ ಎಸೆದಾಡಿದರು, ಮತ್ತೆ ಕೂತರು. ಹಾಲಮ್ಮ ಬುದ್ಧನಿಗೂ ಕೈಮುಗಿದಳು, ಯಾವುದಕ್ಕೂ ಇರಲಿ ಎಂದು ಊರ ಮಾರಮ್ಮನಿಗೂ ಹರಸಿಕೊಂಡಳು. ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಗಣಿತಕ್ಕೆ ಎಂಬತ್ತೊಂದು. ರಾಮಯ್ಯನವರು ಬೀದಿಗೆಲ್ಲ ಮೈಸೂರ್‌ಪಾಕು ಹಂಚಿ, "ತಾಯಿ ಮನೇಲಿದ್ರೆ ಹಿಂಗೆ" ಎಂದು ಹೇಳಿಕೊಂಡು ಬಂದರು.

ಮೇ ಮೂವತ್ತೊಂದಕ್ಕೆ ಚನ್ನಬಸಪ್ಪನವರು ಶಾಲು, ಹಾರ, ಒಂದು ಗೋಡೆ ಗಡಿಯಾರ ತೆಗೆದುಕೊಂಡು ನಿವೃತ್ತರಾದರು. ಶಾಲೆಯ ಚಾರ್ಜು ಹಿರಿಯಳಾದ ಪ್ರಜ್ಞಾಳ ಕೈಗೆ ಬಂತು. ಪಟ್ಟಿ ಬರುವವರೆಗೂ ಪ್ರಭಾರ, ಬಂದ ಮೇಲೆ ಖಾಯಂ ಎಂದುಕೊಂಡು ಅವಳು ಒಂದು ದಿನವನ್ನೂ ಕೆಡಿಸಲಿಲ್ಲ. ಶಾಲೆ ಶುರುವಾಗುವ ಮೊದಲೇ ಬಿಸಿಲಲ್ಲಿ ಮನೆಮನೆ ತಿರುಗಿದಳು. ಜಗಲಿಗಳ ಮೇಲೆ ಕೂತು ತಾಯಂದಿರ ಹತ್ತಿರ ವಾದ ಮಾಡಿದಳು, ಕೆಲವರ ಹತ್ತಿರ ಬೈಸಿಕೊಂಡಳು. ಎರಡು ವಾರದಲ್ಲಿ ಹಳದಿ ವ್ಯಾನಿನಿಂದ ಹನ್ನೊಂದು ಮಕ್ಕಳು ಇಳಿದು ಗೇಟಿನೊಳಗೆ ಬಂದರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ಹನ್ನೊಂದು ಕಣ್ರೀ, ಹನ್ನೊಂದು!" ಎಂದು ಕೂಗಿದಳು. ಅವಳನ್ನು ಅಷ್ಟು ಸಂತೋಷದಲ್ಲಿ ಪ್ರಕಾಶ ಮದುವೆಯ ವರ್ಷವೂ ನೋಡಿರಲಿಲ್ಲ.

ಜೂನ್ ಮೂರನೇ ವಾರ ಪಟ್ಟಿ ಬಂತು. ಅವಳ ಹೆಸರಿರಲಿಲ್ಲ.

ಮೇಲಿಂದ ಕೆಳಗೆ ಮೂರು ಸಲ ನೋಡಿದಳು. ತನಗಿಂತ ಮೂರು ವರ್ಷಕ್ಕೆ ಕಿರಿಯಳಾದ, ಕಡೂರಿನಿಂದ ಓಡಾಡುವ ಬೃಂದಾಳ ಹೆಸರಿತ್ತು. ಎಲ್ಲೋ ಬಿಟ್ಟುಹೋಗಿರಬೇಕೆಂದು ಮಾರನೆಯ ದಿನ ರಜೆ ಹಾಕಿ ತರೀಕೆರೆಗೆ ಹೋದಳು.

ಸತೀಶ್ ಫೈಲು ತೆಗೆದು ಅವಳ ಕಡೆ ತಿರುಗಿಸಿದ. "ಮೇಡಂ, ನಾನು ಒಂದು ಸಲಕ್ಕೆ ಅಂತ ಬರೀರಿ ಅಂದಿದ್ದೆ. ನೀವು ಹೀಗೆ ಬರ್ಕೊಟ್ರಿ. ಮನಸ್ಸು ಬದಲಾಯಿಸಿದ್ರೇನೋ ಅನ್ಕೊಂಡೆ."

ಮಾವನ ದುಂಡು ಅಕ್ಷರ. 'ಸದರಿ ಬಡ್ತಿಯನ್ನು ಸ್ವಇಚ್ಛೆಯಿಂದ ಶಾಶ್ವತವಾಗಿ ತ್ಯಜಿಸಿರುತ್ತೇನೆ. ಮುಂದೆ ಯಾವ ಕಾಲಕ್ಕೂ ಈ ಬಗ್ಗೆ ಹಕ್ಕು ಕೇಳುವುದಿಲ್ಲವೆಂದು ಈ ಮೂಲಕ ಬರೆದುಕೊಟ್ಟಿರುತ್ತೇನೆ.' ಕೆಳಗೆ ಅವಳದೇ ಸಹಿ. ಸಹಿಯ ಪಕ್ಕ ರೊಟ್ಟಿ ಹಿಟ್ಟಿನ ಹೆಬ್ಬೆರಳ ಗುರುತು.

"ಇದನ್ನ ವಾಪಸ್ ತಗೊಳ್ಳೋಕೆ..."

"ಆದೇಶ ಆಗಿ ಸರ್ವಿಸ್ ಪುಸ್ತಕಕ್ಕೆ ಹತ್ತಿಬಿಟ್ಟಿದೆ ಮೇಡಂ. ಆಗಲ್ಲ" ಎಂದ ಸತೀಶ್. ಹೇಳಲು ಅವನಿಗೂ ಕಷ್ಟವಾಯಿತು.

ಬಸ್ಸಿನಲ್ಲಿ ಅವಳು ಅಳಲಿಲ್ಲ. ಮನೆಗೆ ಬಂದು ಪಡಸಾಲೆಯಲ್ಲಿ ನಿಂತು, ಕೂರದೆಯೇ, ಇದ್ದದ್ದನ್ನು ಹೇಳಿದಳು. ಪ್ರಕಾಶ ಡ್ಯೂಟಿಗೆ ಹೊರಟವನು ಅಂಗಿಯ ಗುಂಡಿ ಹಾಕುವುದನ್ನು ನಿಲ್ಲಿಸಿದ.

"ಅಪ್ಪ, ಒಂದು ಸಲಕ್ಕೆ ಅಂತ ಹೇಳಿದ್ಲಲ್ಲ ಅವಳು?"

ರಾಮಯ್ಯನವರು ಗೋಡೆ ನೋಡುತ್ತ, "ಒಕ್ಕಣೆ ಇರಾದೇ ಹಂಗೆ ಕಣಪ್ಪ. ನಾವು ಹಂಗೇ ಬರೀತಿದ್ದಿದ್ದು" ಎಂದರು.

"ನಿನ್ ಕಾಲದ ಒಕ್ಕಣೆಗೆ ಬೆಂಕಿ ಹಾಕ! ಅವಳ ನೌಕರಿ ಕಣಪ್ಪ ಅದು!" ನಲವತ್ತಮೂರು ವರ್ಷದಲ್ಲಿ ಪ್ರಕಾಶ ಅಪ್ಪನಿಗೆ ಎದುರು ಮಾತಾಡಿದ್ದು ಅದೇ ಮೊದಲು.

"ಲೇ, ಅಪ್ಪಂಗೆ ಹಿಂಗಾ ಮಾತಾಡಾದು?" ಹಾಲಮ್ಮ ನಡುವೆ ಬಂದಳು. "ನೀನೇನ್ ಕಮ್ಮಿನಾ? ಡಬ್ಬಿ ಡಬ್ಬಿ ಅಂತ ಅವಳ್ನ ಕಟ್ಟಾಕ್ದೋನು ನೀನು. ತಗೊಂಡ್ಹೋಗ್ ಕೊಟ್ಯಲ್ಲ, ಒಂದ್ಸಲ ಓದಾಕೆ ಆಗ್ಲಿಲ್ವಾ?"

"ನೀನು ಮಂಡಿ ಮಂಡಿ ಅನ್ಲಿಲ್ವಾ ಅವ್ವ?"

"ನಾನೇನ್ ಬೇಕಂತ ಅಂದ್ನೇನೋ?"

"ನನ್ನ ಎಸ್ಸೆಸ್ಸೆಲ್ಸಿ ಹೆಸರು ಮಾತ್ರ ಯಾರೂ ಹೇಳ್ಬೇಡಿ" ಎಂದಳು ಧನುಶ್ರೀ. ಅವಳ ಕಣ್ಣು ತುಂಬಿತ್ತು. "ನಾನು ಅಮ್ಮನ್ನ ಇರು ಅಂತ ಅಂದಿರ್ಲಿಲ್ಲ. ನಂಗೆ ಆ ಎಂಬತ್ತೊಂದು ಬೇಡ."

"ಸುಮ್ಮನಿರಿ ಎಲ್ಲಾರೂ" ಎಂದಳು ಪ್ರಜ್ಞಾ. "ಸಹಿ ಮಾಡಿದ್ದು ನಾನು. ಓದದೆ ಸಹಿ ಮಾಡಿದ್ದು ನಾನು." ಒಳಗೆ ಹೋಗಿ ಪ್ರಕಾಶನ ಡಬ್ಬಿ ತಂದು ಅವನ ಮುಂದಿಟ್ಟಳು. ಅವನು ಅದನ್ನು ಮುಟ್ಟದೆ ಹೊರಟುಹೋದ. ಡಬ್ಬಿ ಬೇಡವೆನ್ನುವುದು ಹಿಂದಿನ ವರ್ಷವೇ ಆಗಬೇಕಿತ್ತು.

ಮಾರನೆಯ ದಿನದಿಂದ ರಾಮಯ್ಯನವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ತರೀಕೆರೆಗೆ ಹೋಗತೊಡಗಿದರು. ನಾಲ್ಕು ದಿನ ಹೋದರು. ಬೆಂಚಿನ ಮೇಲೆ ಕೂತು ಸಾಹೇಬರಿಗೆ ಕಾದರು. ಅಲ್ಲಿನ ಜವಾನ ಇವರ ಮಗನಿಗಿಂತ ಚಿಕ್ಕವನು, "ಯಾರ್ ಬೇಕು ಯಜಮಾನ್ರೆ, ಮೀಟಿಂಗ್ ನಡೀತೈತೆ" ಎಂದು ದಿನವೂ ಹೇಳಿದ. ಎಷ್ಟು ಜನರಿಗೆ ತಾನೂ ಹೀಗೆ ಹೇಳಿ ಕೂರಿಸಿದ್ದೆನೋ ಎಂದು ಅವರಿಗೆ ಅನ್ನಿಸಿರಬೇಕು. ನಾಲ್ಕನೆಯ ದಿನ ಸಾಹೇಬರು ಒಳಗೆ ಕರೆದು, ಕುರ್ಚಿ ತೋರಿಸಿ, ಕೂತ್ಕೊಳ್ಳಿ ಎಂದರು. ರಾಮಯ್ಯನವರು ನಿಂತೇ ಮಾತಾಡಿದರು. ತಪ್ಪು ನನ್ನದು ಸ್ವಾಮಿ, ನಾನು ಬರೆದದ್ದು, ಮಗು ಓದಿಲ್ಲ ಎಂದರು. ಸಾಹೇಬರು ಪಾಪ, ಎಲ್ಲ ಕೇಳಿಸಿಕೊಂಡು, "ವಿದ್ಯಾವಂತೆ, ಟೀಚರು, ಓದದೆ ಸಹಿ ಮಾಡಿದ್ರು ಅಂತ ನಾನು ಮೇಲಕ್ಕೆ ಹೇಗೆ ಬರೀಲಿ?" ಎಂದರು. ರಾಮಯ್ಯನವರು ಕೈಮುಗಿದು ಹೊರಗೆ ಬಂದರು.

ಆ ವಾರವೇ ಬೃಂದಾ ಫೋನು ಮಾಡಿದಳು. ಕೌನ್ಸೆಲಿಂಗಿನಲ್ಲಿ ಅವಳು ಆರಿಸಿಕೊಂಡದ್ದು ಕೆರೆ ಹಿಂದಿನ ಶಾಲೆಯನ್ನೇ. ಕಡೂರಿನಿಂದ ರೈಲಿಗೆ ಅನುಕೂಲ.

"ಅಕ್ಕ, ನಿಮಗೆ ಬೇಜಾರಾಗಲ್ವಾ? ನೀವು ಪರ್ಮನೆಂಟಾಗಿ ಬೇಡ ಅಂದ್ರಂತೆ. ಸತೀಶ್ ಸರ್ ಹೇಳಿದ್ರು."

"ಬಾ ಕಣೇ. ಒಳ್ಳೇ ಸ್ಕೂಲು" ಎಂದಳು ಪ್ರಜ್ಞಾ.

ಸೋಮವಾರ ಬೃಂದಾ ಬಂದಳು. ಚಾರ್ಜು ಕೊಡುವುದೆಂದರೆ ಪಟ್ಟಿ ಹಿಡಿದು ಒಂದೊಂದನ್ನೇ ತೋರಿಸುವುದು. ಬೆಂಚು, ಬೀರು, ಅಕ್ಕಿಯ ದಾಸ್ತಾನು, ಹಾಲಿನ ಪುಡಿ, ದಾಖಲಾತಿ ಪುಸ್ತಕ. ಪ್ರಜ್ಞಾ ಎಲ್ಲವನ್ನೂ ಒಪ್ಪವಾಗಿ ತೋರಿಸಿದಳು. ಮಕ್ಕಳ ಸಂಖ್ಯೆ ಅರವತ್ತಮೂರು ನೋಡಿ ಬೃಂದಾ ಹುಬ್ಬೇರಿಸಿ, "ಈ ಸಲ ಜಾಸ್ತಿ ಆಗಿದಾರಲ್ಲ! ನಾನು ಬಂದ ಗಳಿಗೆ ಚೆನ್ನಾಗಿದೆ ಅಕ್ಕ" ಎಂದಳು. ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅವಳಿಗೆ ಗೊತ್ತಿರಲಿಲ್ಲ. ಪ್ರಜ್ಞಾ ಸಹಿ ಮಾಡುವ ಮೊದಲು ಆ ಕಾಗದವನ್ನು ಎರಡು ಸಲ ಓದಿದಳು.

ಸಂಜೆ ಅವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಬಸ್ಸಾರಿಗೆ ಬೇಳೆ ಬೇಯುತ್ತಿತ್ತು. ರಾಮಯ್ಯನವರು ಬಂದು ಬಾಗಿಲಲ್ಲಿ ನಿಂತರು, ಆಮೇಲೆ ಒಳಗೇ ಬಂದು ನೆಲದ ಮೇಲೆ ಕೂತರು. ಹತ್ತು ದಿನದಿಂದ ಇಬ್ಬರೂ ಊಟಕ್ಕೆ ಬನ್ನಿ, ಸಾಕು ಎನ್ನುವುದರ ಹೊರಗೆ ಮಾತಾಡಿರಲಿಲ್ಲ.

"ಒಕ್ಕಣೆ ತಪ್ಪಿದ್ದಲ್ಲ ಕಣಮ್ಮ" ಎಂದರು.

ಪ್ರಜ್ಞಾ ತಲೆಯೆತ್ತಿದಳು.

"ನಂಗೂ ಅವತ್ತು ಹೇಳಿದ್ರು, ಒಂದ್ ಸಲಕ್ಕೆ ಅಂತ ಬರಿ ಅಂತ. ಮೂರ್ ದಿನ ಕೂತಿದ್ದೆ ಆ ಕುರ್ಚಿ ಮ್ಯಾಲೆ. ಯಾರಿಗೂ ಹೇಳಿಲ್ಲ ನಾನು. ನಿನ್ನೆವರ್ಗೂ ನಾನ್ ಟೀ ತಂದ್ಕೊಡ್ತಿದ್ದೋರ ಪಕ್ಕ ಕೂರ್ಬೇಕಲ್ಲ. ನಮ್ಮೋರು ಒಬ್ರೂ ಅಲ್ಲಿ ಕೂತಿರ್ಲಿಲ್ಲ. ಒಂದ್ ಟಿಪ್ಪಣಿ ಬರಿ ಅಂದ್ರು. ಬರ್ದೆ. ಓದಿ ನಕ್ರು. ಮೂರ್ನೇ ದಿನ ಸಾಯಂಕಾಲ ಹೋಗಿ ನಂಗೆ ಬೇಡ ಅಂದೆ. ಮುಂದಿನ ವರ್ಷ ಮತ್ತೆ ಕರುದ್ರೆ ಅನ್ನೋ ಭಯಕ್ಕೆ ಶಾಶ್ವತ ಅಂತ ನಾನೇ ಬರ್ದೆ. ಸಾಕು ಅಂತ ಬಿಟ್ಟಿದ್ದಲ್ಲ ಕಣಮ್ಮ. ಹೆದರಿ ಬಿಟ್ಟಿದ್ದು."

ಕುಕ್ಕರು ಕೂಗಿತು. ಅವಳು ಕೈಚಾಚಿ ಒಲೆ ಸಣ್ಣ ಮಾಡಿದಳು. ಬಾಗಿಲ ಹತ್ತಿರ ಹಾಲಮ್ಮ ಬಂದು ನಿಂತಿದ್ದಳು. ಅವಳ ಹಿಂದೆ ಪ್ರಕಾಶ, ಧನುಶ್ರೀ.

"ನನ್ನ ಕಾಗದ ಬರೆಯೋವಾಗ?" ಎಂದಳು ಪ್ರಜ್ಞಾ. "ಒಂದು ಸಲಕ್ಕೆ ಅಂತ ನಾನು ಹೇಳಿದ್ದು ನಿಮಗೆ ಕೇಳಿಸ್ತಾ ಮಾವ?"

"ಕೇಳಿಸ್ತು." ರಾಮಯ್ಯನವರು ಎದುರಿಗೆ ಬಿದ್ದಿದ್ದ ಒಂದು ಸೊಪ್ಪಿನ ಕಡ್ಡಿಯನ್ನು ಎತ್ತಿಕೊಂಡು ಮುರಿಯುತ್ತ ಕೂತರು. "ವರ್ಷ ವರ್ಷ ಈ ಕಾಟ ಯಾಕೆ, ನೆಮ್ಮದಿಯಾಗಿರ್ಲಿ ಮಗು ಅನ್ಕೊಂಡೆ. ಹಂಗಂತ ನನಗ್ ನಾನೇ ಹೇಳ್ಕೊಂ‍ಡೆ."

"ನೀವು ಹೆದರಿದ್ರಿ ಮಾವ. ಅದು ನನಗೆ ಅರ್ಥ ಆಗುತ್ತೆ." ಅವಳು ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. "ಆದ್ರೆ ನಾನು ಹೆದರಿರ್ಲಿಲ್ಲ."

"ಗೊತ್ತಿತ್ತು ಕಣಮ್ಮ" ಎಂದರು ರಾಮಯ್ಯನವರು. "ನೀನ್ ಹೋಗಿ ಆ ಕುರ್ಚಿ ಮ್ಯಾಲೆ ಕೂತ್ಬಿಟ್ಟಿದ್ರೆ, ನೀನ್ ಯಾಕಪ್ಪಾ ಕೂರ್ಲಿಲ್ಲ ಅಂತ ಈ ಮನೇಲಿ ಒಬ್ರಾದ್ರೂ ನನ್ನ ಕೇಳೇ ಕೇಳ್ತಿದ್ರು."

ಕೇಳಬೇಕಾದವರೆಲ್ಲ ಬಾಗಿಲಲ್ಲೇ ನಿಂತಿದ್ದರು. ಪ್ರಜ್ಞಾ ಬೇಳೆ ಬಸಿಯಲು ಎದ್ದಳು.